ಮೈ ಅಳತೆ, ಬಟ್ಟೆ ಅಳತೆ

ನಮ್ಮ ಮನೆಯ ಜಗಳ ಶುರುವಾದದ್ದು ಇಬ್ಬರು ವಕೀಲರಿಂದ. ಇಬ್ಬರಿಗೂ ಒಂದೇ ಹೆಸರು. ಒಬ್ಬರು ಆರಡಿ ಎತ್ತರ, ಇನ್ನೊಬ್ಬರು ನನ್ನ ಭುಜಕ್ಕೆ ಬರುತ್ತಾರೆ. ಅಮ್ಮ ಅಳತೆ ಪುಸ್ತಕದಲ್ಲಿ ಪುಟ ತಪ್ಪಿ ತೋರಿಸಿದಳು, ಅಪ್ಪ ಕತ್ತರಿಸಿದ, ನಾನು ಗುಂಡಿ ಹಾಕಿದೆ. ಗಿಡ್ಡ ವಕೀಲರು ಒಮ್ಮೆ ತೊಟ್ಟೂ ನೋಡದೆ ಹೊಸ ಕೋಟು ಹಾಕಿಕೊಂಡು ನೇರವಾಗಿ ಕೋರ್ಟಿಗೆ ಹೋದರು. ತೋಳಿನೊಳಗಿಂದ ಬೆರಳ ತುದಿಯೂ ಕಾಣುತ್ತಿರಲಿಲ್ಲವಂತೆ. ಜಡ್ಜೇ ನಕ್ಕುಬಿಟ್ಟರಂತೆ. ಮರುದಿನ ಅವರು ನಮ್ಮ ಅಂಗಡಿಗೆ ಬಂದು ಕೂಗಾಡಿದ್ದು ಎದುರು ಸಾಲಿನ ಕ್ಷೌರದಂಗಡಿಯವರೆಗೂ ಕೇಳಿಸಿತು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತಿಗೆ ಮಾತು ತೆಗೆದಳು.

"ಮಾವ, ಈ ಪುಸ್ತಕದ ಸಹವಾಸ ಇನ್ನು ಸಾಕು. ಒಂದು ಸಾಫ್ಟ್‌ವೇರ್ ಹಾಕಿಸೋಣ."

ಅಪ್ಪ ಏನಾದರೂ ಹೇಳುವ ಮೊದಲೇ ಅಮ್ಮ ಸೌಟು ಕೆಳಗಿಟ್ಟಳು. "ಮೂವತ್ತು ವರ್ಷದಲ್ಲಿ ಒಂದು ತಪ್ಪಾಯ್ತು. ಅಷ್ಟಕ್ಕೆ ಪುಸ್ತಕ ಬೇಡವಾಯ್ತಾ?"

"ಒಂದಲ್ಲ ಅತ್ತೆ. ನಾನು ಬಂದು ಕೂತ ಮೇಲೇ ಮೂರಾಯ್ತು."

"ಓಹೋ, ನನ್ನ ತಪ್ಪುಗಳನ್ನ ಎಣಿಸೋಕೆ ಬಂದು ಕೂತಿದ್ದೀಯಾ?"

ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನ ಬುದ್ಧಿಯೇ ಅದು. ಹೆಂಡತಿಗೂ ತಾಯಿಗೂ ಮಾತು ಹತ್ತಿಕೊಂಡರೆ ಅವನಿಗೆ ಆಲೂಗಡ್ಡೆ ಇನ್ನಿಲ್ಲದಷ್ಟು ರುಚಿಯಾಗಿಬಿಡುತ್ತದೆ.

ನಮ್ಮದು ಹೊಲಿಗೆಯ ಮನೆ. ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಬಾಡಿಗೆಗೆ ಕೊಡದೆ ಉಳಿಸಿಕೊಂಡ ಒಂದು ಕೋಣೆ. ಅಪ್ಪ ಕಟಿಂಗ್ ಮಾಸ್ಟರ್. ಅವನು ಟೇಪು ಹಿಡಿದು ಅಳತೆ ಕೂಗುತ್ತಾನೆ, ಅಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು ಬರೆದುಕೊಳ್ಳುತ್ತಾಳೆ. ಅಣ್ಣ ಬಟ್ಟೆ ತರುವವನು, ಆದ ಬಟ್ಟೆ ತಲುಪಿಸುವವನು. ಕತ್ತರಿಗೂ ಅವನಿಗೂ ಆಗಿಬರುವುದಿಲ್ಲ. ನಾನು ಕಾಲರು, ಕಾಜಾ, ಗುಂಡಿ. ಏಳನೆಯ ವಯಸ್ಸಿನಿಂದ ಗುಂಡಿ ಹೊಲಿಯುತ್ತಾ ಬಂದು ಮನೆಯವರ ಬಾಯಲ್ಲಿ ಗುಂಡಿಯಾಗಿಯೇ ಉಳಿದೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರು ಬೇಕಾದಷ್ಟು ಜನ ಇದ್ದಾರೆ, ನೀವೂ ಕೇಳಬೇಡಿ.

ಅತ್ತಿಗೆ ಕೊರಿಯರ್ ಆಫೀಸಿನಲ್ಲಿ ಕೆಲಸಕ್ಕಿದ್ದವಳು. ಅಂಗಡಿಗೆ ಕೈ ಸಾಲದು ಎಂದು ಅಪ್ಪನೇ ಕರೆದಾಗ, ಆರು ತಿಂಗಳ ಹಿಂದೆ ಅದನ್ನು ಬಿಟ್ಟು ಬಂದಳು. ಬರುವಾಗಲೇ ಒಂದು ಮಾತು ಹೇಳಿದ್ದಳು: "ನಾನು ಹೇಳಿದ್ದನ್ನ ಕೇಳೋದಾದ್ರೆ ಬರ್ತೀನಿ." ಇನ್ನೊಂದು ಊರಿನ ಗಾರ್ಮೆಂಟ್ ಕಂಪನಿಯವರು ಅಣ್ಣನನ್ನು ಗೋದಾಮಿನ ಕೆಲಸಕ್ಕೆ ಕರೆಯುತ್ತಲೇ ಇದ್ದರು. ಅಂಗಡಿ ದಾರಿಗೆ ಬರದಿದ್ದರೆ ಗಂಡ ಹೆಂಡತಿ ನಾಲ್ಕು ವರ್ಷದ ಪುಟ್ಟಿಯನ್ನು ಎತ್ತಿಕೊಂಡು ಹೊರಟುಬಿಡುತ್ತಾರೆ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಮ್ಮ ಪುಟ್ಟಿಗೆ ತಲೆ ಬಾಚುವಾಗ ಒಮ್ಮೊಮ್ಮೆ ಸುಮ್ಮನೆ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ದೊಡ್ಡಾಸ್ಪತ್ರೆಯ ಸ್ಟೋರಿನಿಂದ ಮಾತು ಬಂತು. ನೂರ ಅರವತ್ತು ನರ್ಸುಗಳಿಗೆ ಯೂನಿಫಾರ್ಮು, ಚೆನ್ನಾಗಿ ಆದರೆ ಪ್ರತಿ ವರ್ಷವೂ ನಮಗೇ. ಮೊದಲು ನಲವತ್ತು ಜನಕ್ಕೆ ಹೊಲಿದು ತೋರಿಸಬೇಕು. ಅಳತೆಯ ಪಟ್ಟಿ ಕಂಪ್ಯೂಟರಿನಲ್ಲಿ ಕೊಡಬೇಕು, ಒಂದೊಂದು ಕವರಿನ ಮೇಲೂ ಹೆಸರಿನ ಸ್ಲಿಪ್ಪು ಇರಬೇಕು.

"ಈಗ ಹೇಳಿ ಅತ್ತೆ," ಎಂದಳು ಅತ್ತಿಗೆ.

"ನನ್ನನ್ನೇನು ಕೇಳ್ತೀಯ? ಮಾಡೋದನ್ನ ಮಾಡು."

ಎರಡು ವಾರ ಸಾಫ್ಟ್‌ವೇರ್ ನೋಡುವುದೇ ಆಯಿತು. ಹೆಣ್ಣು ನೋಡುವುದಕ್ಕೂ ಇಷ್ಟು ಓಡಾಟ ಇರುವುದಿಲ್ಲ. ಮೊದಲನೆಯದನ್ನು ಅಣ್ಣನ ಸ್ನೇಹಿತನೊಬ್ಬ ತಂದ. ಅದು ದಿನಸಿ ಅಂಗಡಿಗೆ ಮಾಡಿದ್ದು. ಪ್ರತಿ ಅಂಗಿಗೂ ಎಕ್ಸ್‌ಪೈರಿ ಡೇಟ್ ಕೇಳುತ್ತಿತ್ತು. "ಬರೀರಿ, ತೊಡೋರು ದಪ್ಪ ಆಗೋವರೆಗೆ ಅಂತ," ಎಂದ ಅಪ್ಪ.

ಎರಡನೆಯದು ಫೋನಿನಲ್ಲಿ ಹಾಕಿಕೊಳ್ಳುವಂಥದು. ಹೆಸರು, ಫೋನ್ ನಂಬರು, ಕೆಳಗೆ ಖಾಲಿ ಸಾಲುಗಳು. ನಾವು ಏನು ಬರೆದರೆ ಅದನ್ನು ಇಟ್ಟುಕೊಳ್ಳುತ್ತದೆ, ಕೇಳಿದಾಗ ಸ್ಲಿಪ್ಪು ಕೊಡುತ್ತದೆ, ಅಷ್ಟೇ. ಅಮ್ಮನಿಗೆ ಅದು ಹಿಡಿಸಿತು. "ಇದು ಬಾಯಿ ಮುಚ್ಕೊಂಡಿರುತ್ತೆ, ಚೆನ್ನಾಗಿದೆ," ಎಂದಳು.

"ಅತ್ತೆ, ಇದು ನಿಮ್ಮ ಪುಸ್ತಕವೇ. ಗಾಜಿನೊಳಗೆ ಇಟ್ಟಿದ್ದಾರೆ ಅಷ್ಟೇ."

"ಅದಕ್ಕೇ ಚೆನ್ನಾಗಿದೆ ಅಂದೆ!"

ಅತ್ತಿಗೆ ಆರಿಸಿದ್ದು ಮೂರನೆಯದನ್ನು. ಅದು ದರ್ಜಿಗಳಿಗೆಂದೇ ಮಾಡಿದ್ದು. ಪರದೆಯ ಮೇಲೆ ಒಂದು ಗೊಂಬೆ ನಿಂತಿರುತ್ತದೆ. ಎದೆ ಮುಟ್ಟಿದರೆ ಎದೆಯ ಅಳತೆ ಕೇಳುತ್ತದೆ, ಸೊಂಟ ಮುಟ್ಟಿದರೆ ಸೊಂಟದ್ದು. ಆಮೇಲೆ ಎಷ್ಟಕ್ಕೆ ಕತ್ತರಿಸಬೇಕು ಎಂದು ಅದೇ ಹೇಳುತ್ತದೆ. ಮಾರಲು ಬಂದವನು, "ನಿಮ್ಮ ಮಾಸ್ಟರ್ ರಜಾ ಹಾಕಿದ್ರೂ ಕೆಲಸ ನಿಲ್ಲಲ್ಲ," ಎಂದ. ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, "ಆ ಪ್ಯಾಂಟು ಯಾರು ಹೊಲಿದಿದ್ದು?" ಎಂದು ಕೇಳಿದ. ಪಾಪ, ಹುಡುಗ ಚೇರಿನ ಹಿಂದೆ ಸರಿದು ನಿಂತ.

ಅಪ್ಪನ ಮೊಣಕಾಲು ನೋವಿನಿಂದ ಮೇಲಿನ ಕೋಣೆಗೆ ಹತ್ತುವುದಕ್ಕೆ ಆಗುತ್ತಿರಲಿಲ್ಲ. ಆಸ್ಪತ್ರೆಯ ಬಟ್ಟೆ ಕತ್ತರಿಸಲು ಅಲ್ಲಿಗೆ ಒಬ್ಬ ಕಟಿಂಗ್‌ನವನನ್ನು ಗೊತ್ತುಮಾಡಿದ್ದೂ ಆಯಿತು. ಹಾಗಾಗಿ ಅತ್ತಿಗೆಯ ಮಾತಿಗೆ ಅರ್ಥವಿತ್ತು: ಸ್ಲಿಪ್ಪಿನಲ್ಲೇ ಎಲ್ಲ ಇದ್ದರೆ ಅವನು ಯಾರನ್ನೂ ಕೇಳಬೇಕಾಗಿಲ್ಲ. ಅಪ್ಪ ಕೊನೆಗೆ, "ಆಯ್ತಮ್ಮ, ನಿನ್ನ ಜವಾಬ್ದಾರಿ," ಎಂದ. ಅತ್ತಿಗೆ ವರ್ಷದ ದುಡ್ಡನ್ನು ಅವತ್ತೇ ಕಟ್ಟಿದಳು.

ಆಸ್ಪತ್ರೆಗೆ ಅಳತೆ ತೆಗೆಯಲು ಅಪ್ಪ ಮತ್ತು ಅತ್ತಿಗೆ ಹೋದರು. ಅಪ್ಪ ಕೂಗುವುದು, ಅತ್ತಿಗೆ ಫೋನಿನಲ್ಲಿ ಒತ್ತುವುದು. ಅಮ್ಮ ಸೀರೆ ಉಟ್ಟು, ಕನ್ನಡಕದ ಡಬ್ಬಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದಳು.

"ನೀನ್ಯಾಕೆ ಸುಮ್ಮನೆ? ಆಟೋದಲ್ಲಿ ಇಕ್ಕಟ್ಟು," ಎಂದ ಅಪ್ಪ.

ಅಮ್ಮ ಒಳಗೆ ಬಂದು ಸೀರೆ ಬದಲಾಯಿಸಿ, ಮಧ್ಯಾಹ್ನದವರೆಗೆ ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು. ನನ್ನ ಹೊಟ್ಟೆ ಉರಿಯಿತು. ಸುಳ್ಳೇಕೆ, ಅದು ಅಮ್ಮನ ಸಲುವಾಗಿ ಮಾತ್ರ ಉರಿದದ್ದಲ್ಲ.

ಹಿಂದಿನ ದಿನ ನಾನು ಅತ್ತಿಗೆಯ ಫೋನಿನಲ್ಲಿ ಆ ಸಾಫ್ಟ್‌ವೇರ್ ತೆರೆದು ನೋಡಿದ್ದೆ. ಅಂಗಡಿಯವರ ಪಟ್ಟಿ ಅಂತ ಒಂದು ಪುಟ. ಮೇಲೆ "ಮಾಲೀಕರು" ಎಂದು ಅಪ್ಪನ ಹೆಸರು. ಅದರ ಕೆಳಗೆ ನನ್ನ ಹೆಸರು, ಪಕ್ಕದಲ್ಲಿ "ಸಹಾಯಕಿ". ಇಪ್ಪತ್ತೈದು ವರ್ಷ ಈ ಅಂಗಡಿಯಲ್ಲಿ ಬೆರಳು ಚುಚ್ಚಿಸಿಕೊಂಡವಳು ನಾನು! ಆರು ತಿಂಗಳ ಹಿಂದೆ ಬಂದವಳು ನನ್ನನ್ನು ಸಹಾಯಕಿ ಮಾಡಿಬಿಟ್ಟಳಲ್ಲ ಅನ್ನಿಸಿ ಫೋನನ್ನು ಅಲ್ಲೇ ಇಟ್ಟು ಬಂದೆ. ಯಾರಿಗೂ ಹೇಳಲಿಲ್ಲ. ನನ್ನದು ಅಂಥ ಸ್ವಭಾವ, ಸಿಟ್ಟು ಬಂದರೆ ಬಾಯಿಗೆ ಬೀಗ.

ನಾಲ್ಕು ದಿನ ಬಿಟ್ಟು ಮೇಲಿನ ಕೋಣೆಯಿಂದ ಕತ್ತರಿಸಿದ ಮೊದಲ ಕಟ್ಟು ನನ್ನ ಮಷೀನಿಗೆ ಬಂತು. ಪ್ರತಿ ಪೀಸಿಗೂ ಪಿನ್ನು ಚುಚ್ಚಿದ ಸ್ಲಿಪ್ಪು. ಅದರಲ್ಲಿ ಎರಡು ಸಾಲು. ಮೈ ಅಳತೆ, ಎದೆ ಮೂವತ್ತೆಂಟು. ಕಟಿಂಗ್ ಅಳತೆ, ಎದೆ ನಲವತ್ತೆರಡು.

ಮಷೀನು ನಿಲ್ಲಿಸಿ ಇನ್ನೊಂದು ಸ್ಲಿಪ್ಪು ನೋಡಿದೆ, ಅದರಲ್ಲೂ ನಾಲ್ಕಿಂಚಿನ ವ್ಯತ್ಯಾಸ.

ನನಗೆ ಒಂದು ವಿಷಯ ಗೊತ್ತಿತ್ತು, ಮನೆಯಲ್ಲಿ ಅಪ್ಪನನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ಹದಿನಾರನೆಯ ವಯಸ್ಸಿನಲ್ಲಿ ಒಮ್ಮೆ ನಾನೇ ನನ್ನ ಎದೆಗೆ ಟೇಪು ಸುತ್ತಿ ನೋಡಿದಾಗ ಪುಸ್ತಕದಲ್ಲಿ ಇದ್ದದ್ದಕ್ಕಿಂತ ನಾಲ್ಕಿಂಚು ಕಮ್ಮಿ ಬಂದಿತ್ತು. ಕೇಳಿದ್ದಕ್ಕೆ ಅಪ್ಪ, "ನಾನು ಮೈ ಅಳತೆ ಕೂಗಲ್ಲಮ್ಮ, ಬಟ್ಟೆ ಅಳತೆ ಕೂಗ್ತೀನಿ. ಲೂಸು ಎಷ್ಟು ಬಿಡಬೇಕೋ ಬಾಯಲ್ಲೇ ಸೇರಿಸಿಬಿಡ್ತೀನಿ," ಎಂದಿದ್ದ. ಆ ಸಾಫ್ಟ್‌ವೇರ್‌ಗೆ ಅದು ಹೇಗೆ ಗೊತ್ತಾಗಬೇಕು? ಅಪ್ಪ ಲೂಸು ಸೇರಿಸಿ ಹೇಳಿದ್ದನ್ನು ಮೈ ಅಳತೆ ಅಂದುಕೊಂಡು ಅದು ಇನ್ನೊಂದು ನಾಲ್ಕಿಂಚು ಲೂಸು ಸೇರಿಸಿತ್ತು.

ಎದ್ದು ಹತ್ತು ಹೆಜ್ಜೆ ಹೋಗಿದ್ದರೆ ಅತ್ತಿಗೆ ಕೌಂಟರಿನಲ್ಲಿದ್ದಳು. ಮೇಲಿನವನು ಇನ್ನೂ ಎಂಟು ಪೀಸು ಕತ್ತರಿಸಿದ್ದ ಅಷ್ಟೇ. ನಾನು ಏಳಲಿಲ್ಲ. ಸಹಾಯಕಿಗೆ ಯಾಕೆ ಬೇಕು ಇವೆಲ್ಲ, ಕೊಟ್ಟ ಕೆಲಸ ಮಾಡಿದರಾಯಿತು ಅಂದುಕೊಂಡು ಕಾಲರು ಕೂಡಿಸತೊಡಗಿದೆ. ನಲವತ್ತು ಜನದ ಬಟ್ಟೆಯೂ ನನ್ನ ಕೈಮೇಲೇ ಹೋಯಿತು. ಒಂದೊಂದಕ್ಕೂ ಐದೈದು ಗುಂಡಿ ಹೊಲಿದೆ.

ಕವರುಗಳ ಮೇಲೆ ಹೆಸರಿನ ಸ್ಲಿಪ್ಪು ಅಂಟಿಸುವಾಗ ಅತ್ತಿಗೆಯ ಮುಖ ನೋಡಬೇಕಿತ್ತು. "ನೋಡಿ ಅತ್ತೆ, ಒಂದೂ ಅದಲುಬದಲಾಗಿಲ್ಲ," ಎಂದಳು. ಅಮ್ಮ ಕೂಡ ಕವರನ್ನು ತಿರುಗಿಸಿ ನೋಡಿ, "ಅಕ್ಷರ ಮುದ್ದಾಗಿದೆ," ಎಂದಳು. ನಾನು ಟೀ ಇಡುವ ನೆಪದಲ್ಲಿ ಒಳಗೆ ಹೋದೆ.

ಕವರುಗಳು ಹೋದದ್ದು ಬೆಳಿಗ್ಗೆ ಹತ್ತಕ್ಕೆ. ಮೂರು ಗಂಟೆಗೆ ಅಣ್ಣ ಅವನ್ನೆಲ್ಲ ವಾಪಸು ತಂದು ಕಟಿಂಗ್ ಟೇಬಲ್ಲಿನ ಮೇಲೆ ಸುರಿದ.

"ಏನಾಯ್ತೋ?" ಎಂದಳು ಅಮ್ಮ.

"ಏನಾಯ್ತಾ? ಒಂದು ಅಂಗಿಯೊಳಗೆ ಇಬ್ಬರು ನರ್ಸು ನಿಂತ್ಕೊಂಡು ಫೋಟೋ ತೆಗೆಸ್ಕೊಂಡ್ರು. ಸ್ಟೋರ್ ಮೇಡಂ ನನ್ನ ಕೈಲೇ ಎಲ್ಲ ಮಡಿಸಿಸಿದ್ರು. ಹತ್ತು ದಿನ ಟೈಮು. ಸರಿಯಾಗದಿದ್ರೆ ಬೇರೆ ಟೈಲರ್."

ಅಂಗಡಿಯ ಶಟರ್ ಅರ್ಧ ಎಳೆದು ಎಲ್ಲರೂ ಅಲ್ಲೇ ನಿಂತೆವು. ಅಮ್ಮನ ಬಾಯಿ ಮೊದಲು ಬಿಚ್ಚಿತು.

"ನಾನು ಬಡ್ಕೊಂಡೆ, ಆ ಗೊಂಬೆ ಬೇಡ ಅಂತ. ಕೇಳಿದ್ರಾ? ನನ್ನ ಪುಸ್ತಕದಿಂದ ಒಂದು ಕೋಟು ಕೆಟ್ಟಿತ್ತು. ಇದು ನಲವತ್ತನ್ನ ಒಂದೇ ಸಲಕ್ಕೆ ಕೆಡಿಸ್ತು."

"ಅತ್ತೆ, ನಾನು ಮಾವ ಹೇಳಿದ್ದನ್ನೇ ಹಾಕಿದ್ದು. ಒಂದು ಅಂಕಿಯೂ ನನ್ನದಲ್ಲ."

"ಅಂದ್ರೆ ನನ್ನ ಅಳತೆ ತಪ್ಪು ಅಂತೀಯಾ?" ಅಪ್ಪನ ಧ್ವನಿ ಏರಿತು. "ನಲವತ್ತು ವರ್ಷ ಈ ಟೇಪು ಹಿಡಿದಿದ್ದೀನಿ."

"ಹಾಗಲ್ಲ ಮಾವ. ಮೈ ಅಳತೆ ಮೂವತ್ತೆಂಟು ಅಂತ ನೀವು ಹೇಳಿದ್ರಿ, ಅದು ಅದಕ್ಕೆ ನಾಲ್ಕು ಸೇರಿಸಿ..."

"ಮೈ ಅಳತೆ ಅಂತ ಯಾರು ಹೇಳಿದ್ದು? ನಾನು ಕೂಗೋದು ಬಟ್ಟೆ ಅಳತೆ. ಲೂಸು ಸೇರಿಸಿಯೇ ಹೇಳಿದ್ದೀನಿ."

ಅತ್ತಿಗೆ ಅವನನ್ನೇ ನೋಡಿದಳು. "ಎಷ್ಟು ಸೇರಿಸ್ತೀರಿ?"

"ಆಳು ನೋಡಿ. ಬಗ್ಗಿ ಕೆಲಸ ಮಾಡೋರಿಗೆ ಜಾಸ್ತಿ, ಕೂತು ಮಾಡೋರಿಗೆ ಕಮ್ಮಿ. ಅದನ್ನೆಲ್ಲ ಹೇಳ್ತಾ ಕೂರೋಕಾಗುತ್ತಾ?"

"ರೀ," ಎಂದಳು ಅಮ್ಮ, ಇದ್ದಕ್ಕಿದ್ದಂತೆ. "ಹಾಗಾದ್ರೆ ನನ್ನ ಸೊಂಟ?"

"ನಿನ್ನ ಸೊಂಟಕ್ಕೇನು?"

"ಪುಸ್ತಕದಲ್ಲಿ ಮೂವತ್ತೆಂಟು ಅಂತ ಇದೆಯಲ್ಲ!"

"ಮೂವತ್ತೈದು ಇರಬಹುದು."

"ಅಯ್ಯೋ ನಿಮ್ಮ! ಅದನ್ನ ನೋಡಿ ನೋಡಿ ಎಷ್ಟು ವರ್ಷ ಸಕ್ಕರೆ ಬಿಟ್ಟು ಟೀ ಕುಡಿದೆನಲ್ರೀ ನಾನು!"

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆವು. ಅಣ್ಣನ ಮೂಗಿನಿಂದ ಏನೋ ಒಂದು ಸದ್ದು ಬಂತು ಅಷ್ಟೇ. ಅತ್ತಿಗೆ ಮಾತ್ರ ಸ್ಟೂಲಿನ ಮೇಲೆ ಕುಸಿದು ಕೂತಳು.

"ತಪ್ಪು ನನ್ನದೇ," ಎಂದಳು. "ಸಾಫ್ಟ್‌ವೇರ್ ಆರಿಸೋ ಮುಂಚೆ ನಿಮ್ಮ ಕೆಲಸ ಹೇಗೆ ಅಂತ ಕೂತು ಕೇಳಬೇಕಿತ್ತು. ಕೇಳಲಿಲ್ಲ. ಬಟ್ಟೆ ಸರಿಮಾಡಿ ಕೊಟ್ಟು ನಾವು ಹೊರಡ್ತೀವಿ ಮಾವ. ಇವರು ಆ ಕಂಪನಿಗೆ ಹೂಂ ಅಂತಾರೆ."

ಅಪ್ಪ ಬೇಡ ಎನ್ನಲಿಲ್ಲ. ಅಮ್ಮ ಪುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಟೇಬಲ್ಲಿನ ಮೇಲಿದ್ದ ಕವರುಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ. ಸ್ಲಿಪ್ಪು ನೋಡಿದ್ದೆ ಎಂದು ಮಾತ್ರ ಹೇಳಲಿಲ್ಲ.

ಪುಣ್ಯಕ್ಕೆ ಚಿಕ್ಕದಾದ ಬಟ್ಟೆಯನ್ನು ದೊಡ್ಡದು ಮಾಡಲಾಗದಿದ್ದರೂ ದೊಡ್ಡದನ್ನು ಚಿಕ್ಕದು ಮಾಡಬಹುದು. ಮರುದಿನದಿಂದ ಹೊಲಿಗೆ ಬಿಚ್ಚುವ ಕೆಲಸ. ಬಗಲು, ತೋಳು, ಭುಜ, ಕಾಲರು, ಎಲ್ಲ ಬಿಚ್ಚಿ ಅಪ್ಪನ ಟೇಬಲ್ಲಿಗೆ ಕೊಡುವುದು. ಅಪ್ಪ ಚಾಕ್ ಎಳೆದು ಮತ್ತೆ ಕತ್ತರಿಸುವುದು. ಅಡುಗೆಮನೆಯಲ್ಲಿ ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಅನ್ನ ಮೊಟ್ಟೆ, ಇಷ್ಟೇ. ಅಮ್ಮ ಬಡಿಸುವಾಗ ಅತ್ತಿಗೆಯ ತಟ್ಟೆಯತ್ತ ನೋಡುತ್ತಿರಲಿಲ್ಲ. ಭಾನುವಾರ ಅಣ್ಣ ಆ ಊರಿಗೆ ಹೋಗಿ ಮನೆ ನೋಡಿ, ಅಡ್ವಾನ್ಸ್ ಕೊಟ್ಟು ಬಂದ. ಎರಡು ಕೋಣೆ, ನೀರು ಚೆನ್ನಾಗಿ ಬರುತ್ತದೆ ಎಂದು ಯಾರೂ ಕೇಳದೆಯೇ ಹೇಳಿದ.

ಆರನೆಯ ದಿನ ಮಧ್ಯಾಹ್ನ ನಾನೂ ಅತ್ತಿಗೆಯೂ ಎದುರುಬದುರು ಕೂತು ಹೊಲಿಗೆ ಬಿಚ್ಚುತ್ತಿದ್ದೆವು. ಅವಳ ಹೆಬ್ಬೆರಳಿಗೆ ಬ್ಲೇಡು ತಾಗಿ ಪಟ್ಟಿ ಕಟ್ಟಿತ್ತು. ಬಿಚ್ಚಿದ ಪೀಸಿನಿಂದ ಒಂದು ಸ್ಲಿಪ್ಪು ಜಾರಿಬಿತ್ತು. ಅವಳು ಅದನ್ನು ಎತ್ತಿ ನೋಡಿದಳು, ಬಹಳ ಹೊತ್ತು ನೋಡಿದಳು.

"ಗುಂಡಿ, ಇದರಲ್ಲಿ ಎರಡೂ ಅಳತೆ ಇದೆ. ಮೂವತ್ತೆಂಟು, ನಲವತ್ತೆರಡು. ಕಾಲರು ಹಾಕುವಾಗ ನೀನು ಇದನ್ನ ನೋಡಲಿಲ್ವಾ?"

"ನೋಡಿದೆ."

"ಮಾವ ಲೂಸು ಸೇರಿಸಿ ಹೇಳ್ತಾರೆ ಅಂತ ನಿನಗೆ ಗೊತ್ತಿತ್ತಾ?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಂಬುತ್ತಿದ್ದಳು ಕೂಡ.

"ಗೊತ್ತಿತ್ತು ಅತ್ತಿಗೆ."

ಅವಳು ಬ್ಲೇಡನ್ನು ಕೆಳಗಿಟ್ಟಳು. "ಯಾವತ್ತು ನೋಡಿದ್ದು?"

"ಮೊದಲನೇ ಕಟ್ಟಿನಲ್ಲೇ."

"ಮತ್ತೆ ಯಾಕೆ ಹೇಳಲಿಲ್ಲ?"

"ನನ್ನನ್ನ ಸಹಾಯಕಿ ಅಂತ ಹಾಕಿದ್ರಲ್ಲ, ಅದಕ್ಕೆ."

ಹೇಳಿದ ಮೇಲೆ ಅದು ನನ್ನ ಕಿವಿಗೇ ಎಷ್ಟು ಸಣ್ಣದಾಗಿ ಕೇಳಿಸಿತು! ಅತ್ತಿಗೆ ಫೋನು ತೆಗೆದು ಆ ಪುಟ ತೆರೆದು ನನ್ನ ಮಡಿಲಿಗೆ ಹಾಕಿದಳು. ಅಪ್ಪ ಮಾಲೀಕರು. ನಾನು ಸಹಾಯಕಿ. ಅದರ ಕೆಳಗೆ ಅಣ್ಣ ಸಹಾಯಕ. ಅದರ ಕೆಳಗೆ ಅತ್ತಿಗೆ, ಅವಳೂ ಸಹಾಯಕಿ. ನಾನು ಅವತ್ತು ನನ್ನ ಹೆಸರಿನವರೆಗೆ ಮಾತ್ರ ನೋಡಿದ್ದೆ.

"ನಾವು ಕಟ್ಟಿದ ದುಡ್ಡಿಗೆ ಒಬ್ಬರನ್ನೇ ಮಾಲೀಕರು ಅಂತ ಹಾಕೋಕೆ ಬಿಡುತ್ತೆ," ಎಂದಳು. "ನಿನ್ನ ಹೆಸರನ್ನ ನನಗಿಂತ ಮೇಲೆ ಹಾಕಿದ್ದೆ, ಹಳಬಳು ಅಂತ."

ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

"ನನ್ನ ಹತ್ತಿರ ಅತ್ತರೆ ಏನು ಬಂತು? ಆರು ದಿನದಿಂದ ಅತ್ತೆ ನನ್ನ ಮುಖ ನೋಡಿಲ್ಲ. ಮನೆಗೆ ಅಡ್ವಾನ್ಸ್ ಕೊಟ್ಟು ಬಂದಿದ್ದಾರೆ ನಿಮ್ಮಣ್ಣ. ಹೇಳೋದಾದ್ರೆ ಎಲ್ಲರ ಎದುರು ಹೇಳು. ಹೇಳದಿದ್ರೂ ನಾನಂತೂ ಹೇಳಲ್ಲ."

ಅವತ್ತು ಸಂಜೆ ಬೇಗ ಊಟಕ್ಕೆ ಕೂತೆವು. ನಾನು ತಟ್ಟೆ ಮುಟ್ಟಲಿಲ್ಲ. ಅಮ್ಮ, "ಏನೇ, ಮೈ ಸರಿಯಿಲ್ವಾ?" ಎಂದಳು. ಅದನ್ನೇ ಹಿಡಿದುಕೊಂಡು ಮಾತು ಶುರುಮಾಡಿದೆ. ಸ್ಲಿಪ್ಪು ನೋಡಿದ್ದು, ತಿಳಿದೂ ಸುಮ್ಮನಿದ್ದು, ಯಾಕೆ ಸುಮ್ಮನಿದ್ದೆ ಅನ್ನುವುದು, ಎಲ್ಲ. ಒಮ್ಮೆಯೂ ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮತ್ತೆ ಶುರುಮಾಡುವ ಧೈರ್ಯ ಇರಲಿಲ್ಲ.

ಅಣ್ಣ ಮೊದಲ ಸಲ ತಟ್ಟೆಯಿಂದ ತಲೆ ಎತ್ತಿದ. "ನಲವತ್ತು ಅಂಗಿ ಕೆಡೋವರೆಗೂ ನೋಡ್ತಾ ಕೂತಿದ್ಯಾ? ನಿನ್ನ ಕಣ್ಣೆದುರಿಗೆ?"

"ಹೂಂ."

"ಆಸ್ಪತ್ರೆಯಲ್ಲಿ ನಾನು ನಗೆಪಾಟಲಾಗಿ ನಿಂತಿದ್ದೆ ಕಣೇ!"

ಅಪ್ಪ ಬೈಯಲಿಲ್ಲ. "ನನ್ನ ಕೆಲಸ ಗೊತ್ತಿದ್ದವಳು ನೀನೊಬ್ಬಳು. ನೀನೇ ಹೀಗೆ ಮಾಡಿದೆಯಲ್ಲ," ಎಂದು ಎದ್ದು ಕೈ ತೊಳೆಯಲು ಹೋದ. ಅವನ ಊಟ ಅರ್ಧಕ್ಕೆ ನಿಂತಿತ್ತು.

ಅಮ್ಮ ಒಂದು ಮೊಟ್ಟೆ ತೆಗೆದು ಅತ್ತಿಗೆಯ ತಟ್ಟೆಗೆ ಹಾಕಿದಳು. "ತಿನ್ನು. ನಾಲ್ಕು ದಿನ ಇದೆ, ಇನ್ನೂ ಹದಿನೈದು ಅಂಗಿ ಉಳಿದಿದೆ," ಎಂದಳು.

ಒಂಬತ್ತನೆಯ ದಿನ ಬಟ್ಟೆ ಮತ್ತೆ ಹೋಯಿತು. ಈ ಸಲ ಅಪ್ಪನೂ ಹೋಗಿ, ಒಬ್ಬೊಬ್ಬರಿಗೂ ಕೈ ಮೇಲೆತ್ತಿಸಿ, ಬಗ್ಗಿಸಿ ನೋಡಿ ಬಂದ. ಉಳಿದ ನೂರಿಪ್ಪತ್ತೂ ನಮಗೇ ಎಂದು ಸ್ಟೋರ್ ಮೇಡಂ ಕಾಗದ ಕೊಟ್ಟರು. ಅಣ್ಣ ಕಾಗದ ತಂದು ಟೇಬಲ್ಲಿನ ಮೇಲಿಟ್ಟಾಗ ಯಾರೂ ಕುಣಿಯಲಿಲ್ಲ. ಇನ್ನೊಂದು ಪ್ರಶ್ನೆ ಹಾಗೇ ಉಳಿದಿತ್ತು, ಕೇಳುವ ಮುಖ ನನಗಿರಲಿಲ್ಲ. ಅಮ್ಮನೇ ಕೇಳಿದಳು.

"ಹೋಗೋದು ಯಾವತ್ತು ಅಂತ ಹೇಳಿದ್ರೆ ಪುಟ್ಟಿ ಬಟ್ಟೆ ಒಗೆದು ಇಡ್ತೀನಿ."

ಅಣ್ಣ ಹೆಂಡತಿಯ ಮುಖ ನೋಡಿದ. ಅತ್ತಿಗೆ ಕೌಂಟರಿನ ಹಿಂದೆ ಕೂತು ಫೋನಿನಲ್ಲಿದ್ದ ಆ ಗೊಂಬೆಯ ಸಾಫ್ಟ್‌ವೇರ್ ಅಳಿಸುತ್ತಿದ್ದಳು. ಅಳಿಸಿ ಮುಗಿಸಿ ತಲೆ ಎತ್ತಿದಳು.

"ಅಡ್ವಾನ್ಸ್ ವಾಪಸ್ ಕೊಡ್ತಾರಾ ಕೇಳಿ ನೋಡಿ," ಎಂದಳು ಅಣ್ಣನಿಗೆ.

ಅಮ್ಮ ಪಟ್ಟನೆ ಒಳಗೆ ಹೋದಳು. ಪಾತ್ರೆ ಬಿದ್ದ ಸದ್ದಾಯಿತು, ಯಾರೂ ಏನಾಯಿತೆಂದು ಕೇಳಲಿಲ್ಲ. ಅತ್ತಿಗೆ ಫೋನನ್ನು ನನ್ನ ಮಷೀನಿನ ಮೇಲಿಟ್ಟಳು.

"ನೂರಿಪ್ಪತ್ತು ಜನದ ಅಳತೆ ಸೋಮವಾರ ಶುರು. ಅಷ್ಟರೊಳಗೆ ಬೇರೆ ಒಂದು ಬೇಕು. ಈ ಸಲ ನೀನು ಆರಿಸು."

"ನಾನಾ? ನನಗೇನು ಗೊತ್ತು ಅತ್ತಿಗೆ, ಮತ್ತೆ ಏನಾದ್ರೂ ತಪ್ಪಾದ್ರೆ?"

"ತಪ್ಪಾದ್ರೆ ನಾನಿಲ್ವಾ?" ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. "ಕಣ್ಣಿಗೆ ಬಿದ್ದ ತಕ್ಷಣ ಹೇಳ್ತೀನಿ."